ಓಡುವ ಜಿಂಕೆಗೆ ಗುರಿ: ನೆಸ್ಟೋರಿ ತೊಯ್ವೊನೆನ್ ಮತ್ತು ನಮ್ಮ ಫಸ್ಟ್ ಸೆಮ್ ಫಿಸಿಕ್ಸ್

ಈ ಸಲ ನಾವು ಪರಿಚಯಿಸುತ್ತಿರುವ ವ್ಯಕ್ತಿಯ ಹೆಸರನ್ನು ನೀವು ಕೇಳಿರೋದು ಕಷ್ಟ. ನೆಸ್ಟೋರಿ ತೊಯ್ವೊನೆನ್, ಫಿನ್ಲೆಂಡಿನ ರೈಫಲ್ ಶೂಟರ್. ಹುಟ್ಟಿದ್ದು 1865ರಲ್ಲಿ. 1912ರ ಸ್ಟಾಕ್‌ಹೋಮ್ ಒಲಿಂಪಿಕ್ಸ್‌ನಲ್ಲಿ ಎರಡು ಕಂಚು ಗೆದ್ದಾಗ ಅವರಿಗೆ ನಲವತ್ತೇಳು ವರ್ಷ. ಶೂಟಿಂಗಲ್ಲಿ ಇದೇನೂ ವಯಸ್ಸೇ ಅಲ್ಲ ಬಿಡಿ. ಅದೇ ಕೂಟದಲ್ಲಿ ಸ್ವೀಡನ್ನಿನ ಆಸ್ಕರ್ ಸ್ವಾನ್ ಅರವತ್ತನಾಲ್ಕನೇ ವಯಸ್ಸಲ್ಲಿ ಚಿನ್ನ ಗೆದ್ದ ತಂಡದಲ್ಲಿದ್ದರು.

ತೊಯ್ವೊನೆನ್ ಗೆದ್ದದ್ದು 'ಓಡುವ ಜಿಂಕೆ' ಎಂಬ ಸ್ಪರ್ಧೆಯಲ್ಲಿ. ನಿಜವಾದ ಜಿಂಕೆ ಅಲ್ಲ, ಗಾಬರಿ ಬೇಡ. ಜಿಂಕೆ ಆಕಾರದ ಗುರಿಹಲಗೆ. ಶೂಟರ್ 100 ಮೀಟರ್ ದೂರದಲ್ಲಿರುತ್ತಾನೆ. ಜಿಂಕೆ 23 ಮೀಟರ್ ಅಗಲದ ಜಾಗವನ್ನು 4 ಸೆಕೆಂಡಲ್ಲಿ ದಾಟಿ ಮರೆಯಾಗುತ್ತೆ. ಅಷ್ಟರಲ್ಲಿ ಒಂದೇ ಗುಂಡು. ಹೀಗೆ ಹತ್ತು ಸಲ, ಒಟ್ಟು 50 ಅಂಕ.

ಇಷ್ಟೇನಾ ಅನ್ನಿಸಬಹುದು. ಹಾಗಾದ್ರೆ ಲೆಕ್ಕ ಹಾಕಿ ನೋಡೋಣ. 23 ಭಾಗಿಸು 4 ಅಂದ್ರೆ ಜಿಂಕೆಯ ವೇಗ ಸೆಕೆಂಡಿಗೆ 5.75 ಮೀಟರ್. ಗಂಟೆಗೆ ಸುಮಾರು 20 ಕಿ.ಮೀ., ಟ್ರಾಫಿಕ್ಕಲ್ಲಿ ಹೋಗೋ ಆಟೋ ಥರ. ಗುಂಡಿನ ವೇಗ ಸೆಕೆಂಡಿಗೆ 700 ಮೀಟರ್ ಅಂತ ಇಟ್ಕೊಳ್ಳೋಣ. 100 ಮೀಟರ್ ಹೋಗೋಕೆ ಅದಕ್ಕೆ 0.143 ಸೆಕೆಂಡ್ ಬೇಕು. ಅಷ್ಟರಲ್ಲಿ ಜಿಂಕೆ 82 ಸೆಂಟಿಮೀಟರ್ ಮುಂದೆ ಹೋಗಿರುತ್ತೆ! ಅಂದ್ರೆ ಜಿಂಕೆಯ ಎದೆಗೆ ಸರಿಯಾಗಿ ಗುರಿಯಿಟ್ಟವನಿಗೆ ಅಂಕ ಸಿಗಲ್ಲ. ಮುಂದಿರುವ ಖಾಲಿ ಗಾಳಿಗೆ ಗುರಿಯಿಡಬೇಕು.

ಇನ್ನೊಂದು ತೊಂದರೆ ನಮ್ಮದೇ ದೇಹದ್ದು. 'ಈಗ ಹೊಡಿ' ಅಂತ ಮೆದುಳು ಹೇಳಿ ಬೆರಳು ಟ್ರಿಗರ್ ಎಳೆಯೋಕೆ 0.2 ಸೆಕೆಂಡ್ ಅಂದ್ರೂ ಜಿಂಕೆ ಇನ್ನೂ 1.15 ಮೀಟರ್ ಹೋಯ್ತು. ಬಂದೂಕನ್ನು ಒಂದೇ ಕಡೆ ಹಿಡಿದು ಕಾಯುವವನಿಗೆ ಒಟ್ಟು ಎರಡು ಮೀಟರ್ ವ್ಯತ್ಯಾಸ. ಅದಕ್ಕೇ ಜಿಂಕೆಯ ಜೊತೆಗೇ ನಳಿಗೆಯನ್ನೂ ತಿರುಗಿಸುತ್ತಾ ಹೋಗೋದು. ಆಗ ಬೆರಳಿನ ತಡ ರದ್ದಾಗುತ್ತೆ, ಯಾಕಂದ್ರೆ ಆ ತಡದ ಹೊತ್ತಲ್ಲೂ ಬಂದೂಕು ಜಿಂಕೆಯ ಜೊತೆಗೇ ಸಾಗ್ತಿರುತ್ತೆ. ಆದರೆ ಗುಂಡು ಹಾರುವ ಹೊತ್ತಿನ 82 ಸೆಂ.ಮೀ. ಮಾತ್ರ ಹಾಗೇ ಉಳಿಯುತ್ತೆ. ತಿರುಗುವ ನಳಿಗೆಯ ವೇಗ ಗುಂಡಿಗೂ ಸಿಗಲ್ವಾ ಅಂತ ನಮ್ಮಲ್ಲೊಬ್ಬರು ಕೇಳಿದರು. ಸಿಗುತ್ತೆ. ಆದರೆ 70 ಸೆಂ.ಮೀ. ನಳಿಗೆಯ ತುದಿ ಅಡ್ಡಕ್ಕೆ ಸರಿಯೋದು ಸೆಕೆಂಡಿಗೆ 4 ಸೆಂ.ಮೀ. ಅಷ್ಟೇ. ಗುರಿ ಮುಟ್ಟುವಾಗ ಅದರ ಲಾಭ ಅರ್ಧ ಸೆಂ.ಮೀ. ಚಿಲ್ಲರೆ. ಬಿಟ್ಟುಬಿಡಬಹುದು.

ಆ 82 ಸೆಂ.ಮೀ.ಯನ್ನು ಕೋನಕ್ಕೆ ಬದಲಾಯಿಸಿದರೆ ಅರ್ಧ ಡಿಗ್ರಿಗೂ ಚೂರು ಕಡಿಮೆ. ಆಕಾಶದಲ್ಲಿ ಹುಣ್ಣಿಮೆ ಚಂದ್ರ ಕಾಣೋದು ಹೆಚ್ಚುಕಡಿಮೆ ಅಷ್ಟೇ ಅಗಲ. ಓಡುತ್ತಿರುವ ಜಿಂಕೆಯ ಮುಂದೆ ಒಂದು ಚಂದ್ರನಷ್ಟು ಜಾಗ ಬಿಟ್ಟು ಹೊಡೀಬೇಕು, ಹತ್ತಕ್ಕೆ ಹತ್ತು ಸಲ. ಕ್ಯಾಲ್ಕುಲೇಟರ್ ಇಲ್ಲದೆ ಇದನ್ನೆಲ್ಲ ಮಾಡಿದ್ದು ತೊಯ್ವೊನೆನ್ ಅವರ ಕಣ್ಣು ಮತ್ತು ಭುಜ.

ಅವರು ಗಳಿಸಿದ್ದು 41. ಸ್ವೀಡನ್ನಿನ ಆಲ್ಫ್ರೆಡ್ ಸ್ವಾನ್ (ಆಸ್ಕರ್ ಅವರ ಮಗ) 41. ಓಕೆ ಲುಂಡೆಬರ್ಗ್ ಕೂಡ 41. ಮೂರು ಜನ ಸಮ! ಶೂಟ್-ಆಫ್‌ಗೆ ಕನ್ನಡದಲ್ಲಿ ಏನನ್ನಬೇಕು ಅಂತ ಕ್ಲಬ್ಬಲ್ಲಿ ಅರ್ಧ ಗಂಟೆ ಚರ್ಚೆಯಾಗಿ, ಕಡೆಗೆ 'ಟೈ ಬಿಡಿಸೋ ಸುತ್ತು' ಅಂತ ಒಪ್ಪಿಕೊಂಡ್ವಿ. ಆ ಸುತ್ತಲ್ಲಿ ಸ್ವಾನ್ 20, ಲುಂಡೆಬರ್ಗ್ 17, ತೊಯ್ವೊನೆನ್ 11. ಹೀಗೆ ಕಂಚು ಬಂತು. ತಂಡ ಸ್ಪರ್ಧೆಯಲ್ಲೂ ಸ್ವೀಡನ್ 151, ಅಮೆರಿಕ 132, ಫಿನ್ಲೆಂಡ್ 123. ಮತ್ತೆ ಕಂಚು.

ಆದರೆ ಯಾವ ದೇಶಕ್ಕೆ? ಆಗ ಫಿನ್ಲೆಂಡ್ ರಷ್ಯಾ ಸಾಮ್ರಾಜ್ಯದ ಒಂದು ಭಾಗ. ಬೇರೆ ತಂಡವಾಗಿ ಆಡೋಕೆ ಅವಕಾಶವಿತ್ತು, ಸ್ವಂತ ಧ್ವಜ ಏರಿಸೋಕೆ ಇರಲಿಲ್ಲ. ಫಿನ್ಲೆಂಡಿನವರು ಗೆದ್ದಾಗ ಕಂಬಕ್ಕೆ ಏರುತ್ತಿದ್ದದ್ದು ರಷ್ಯಾದ ಧ್ವಜ. ಆ ಕೂಟದಲ್ಲಿ ಮೂರು ಚಿನ್ನ ಗೆದ್ದ ಓಟಗಾರ ಹಾನ್ನೆಸ್ ಕೊಲೆಹ್ಮೈನೆನ್, ಆ ಧ್ವಜ ನೋಡಿ ಗೆಲ್ಲದಿದ್ದರೇ ಚೆನ್ನಾಗಿತ್ತೇನೋ ಅನ್ನೋ ಅರ್ಥದಲ್ಲಿ ಮಾತಾಡಿದ್ದರಂತೆ. ತಮಾಷೆ ಅಂದ್ರೆ ಫಿನ್ಲೆಂಡ್ ಒಟ್ಟು 26 ಪದಕ ಗೆದ್ದಿತು, ಅದರಲ್ಲಿ 9 ಚಿನ್ನ. ಧ್ವಜದ ಯಜಮಾನ ರಷ್ಯಾಗೆ ಒಂದೂ ಚಿನ್ನವಿಲ್ಲ. ಪದಕಪಟ್ಟಿಯಲ್ಲಿ ನಮಗೆ ತುಂಬಾ ಇಷ್ಟವಾದ ಸಾಲು ಇದೇ.

1917ರ ಡಿಸೆಂಬರ್ 6ರಂದು ಫಿನ್ಲೆಂಡ್ ಸ್ವಾತಂತ್ರ್ಯ ಘೋಷಿಸಿಕೊಂಡಿತು. 1920ರಲ್ಲಿ ಆಂಟ್‌ವರ್ಪ್‌ಗೆ ತನ್ನದೇ ಧ್ವಜದಡಿ ಹೋಯಿತು. ಅಲ್ಲಿ ಓಡುವ ಜಿಂಕೆಯ ಒಂಟಿ ಗುಂಡಿನ ತಂಡ ಸ್ಪರ್ಧೆಯಲ್ಲಿ ನಾರ್ವೆಗೆ ಚಿನ್ನ, ಫಿನ್ಲೆಂಡಿಗೆ ಬೆಳ್ಳಿ. ತೊಯ್ವೊನೆನ್ 1927ರಲ್ಲಿ ತೀರಿಕೊಂಡರು.

1924ರ ನಂತರ ಜಿಂಕೆ ಒಲಿಂಪಿಕ್ಸ್‌ನಿಂದ ಮಾಯವಾಯ್ತು. ಮತ್ತೆ ಬಂದದ್ದು 1952ರಲ್ಲಿ, ಅದೂ ಹೆಲ್ಸಿಂಕಿಯಲ್ಲೇ. ಈ ಸಲವೂ ಆತಿಥೇಯರಿಗೆ ಸಿಕ್ಕಿದ್ದು ಕಂಚು. ಗೆದ್ದವರು ತೌನೊ ಮಾಕಿ, ಏರಿದ್ದು ಬಿಳಿ ಬಟ್ಟೆಯ ಮೇಲಿನ ನೀಲಿ ಶಿಲುಬೆಯ ಧ್ವಜ.