ಚಳಿಗಾಲದ ಗುಡ್ಡಕ್ಕೆ ನಾಯಿಯ ಜೊತೆ: ಸ್ವೆಟರ್ ಬಿಡಿ, ನೀರು ಹೊರಿ

ಕಾರ್ತಿಕ ಮುಗಿಯುತ್ತಿದ್ದಂತೆ ದಾವಣಗೆರೆಯ ಸರಸ್ವತಿ ನಗರದ ಬೀದಿಗಳಲ್ಲಿ ಸ್ವೆಟರ್ ತೊಟ್ಟ ನಾಯಿಗಳು ಕಾಣತೊಡಗುತ್ತವೆ. ಭಾನುವಾರ ಅವೇ ನಾಯಿಗಳು ಕಾರು ಹತ್ತಿ ಕೊಂಡಜ್ಜಿಗೋ ಉಚ್ಚಂಗಿದುರ್ಗಕ್ಕೋ ಹೊರಡುತ್ತವೆ. ಕೆಲವಕ್ಕೆ ಕಾಲಿಗೆ ಬೂಟು ಬೇರೆ. ಹಿಮಾಚಲದ ಮಂಜುಗಡ್ಡೆಯ ದಾರಿಯಲ್ಲಿ ನಾಯಿ ನಡೆಸುವವರ ವಿಡಿಯೊ ನೋಡಿ ಕಲಿತದ್ದಿದು. ಅಲ್ಲಿ ಬೂಟು ಬೇಕು, ಬೆರಳ ಸಂದಿಯ ಕೂದಲಿಗೆ ಹಿಮ ಉಂಡೆಗಟ್ಟಿ ಪಾದಕ್ಕೆ ಗಾಯವಾಗುತ್ತದೆ. ದಾವಣಗೆರೆಯ ಡಿಸೆಂಬರ್ ಬೇರೆ. ಬೆಳಗಿನ ಜಾವ 15 ಡಿಗ್ರಿ ಆಸುಪಾಸು ಇದ್ದದ್ದು ಮಧ್ಯಾಹ್ನ 30ರ ಹತ್ತಿರ ಬರುತ್ತದೆ. ಇಲ್ಲಿ ನಾಯಿಗೆ ಅಪಾಯ ಚಳಿಯಿಂದಲ್ಲ, ಬಿಸಿಲಿನಿಂದ.

ಮೊದಲು ಜಾಗ ಗೊತ್ತುಮಾಡಿಕೊಳ್ಳಿ. ಹೊಸಬರಿಗೆ ಕೊಂಡಜ್ಜಿ ಕೆರೆಯ ಸುತ್ತಲಿನ ದಾರಿ ಸಾಕು. ಅರಣ್ಯದೊಳಗೆ ಕಾಲಿಡುವ ಮುನ್ನ ಅಲ್ಲಿನ ಸಿಬ್ಬಂದಿಯನ್ನು ಕೇಳಿ. ಉಚ್ಚಂಗಿದುರ್ಗಕ್ಕೆ ಮಂಗಳವಾರ, ಶುಕ್ರವಾರ, ಹುಣ್ಣಿಮೆ ಬೇಡವೇ ಬೇಡ, ಅಲ್ಲಿನ ಗುಡಿಗೆ ಬರುವ ಭಕ್ತರ ನಡುವೆ ನಾಯಿಯನ್ನು ಎಳೆದಾಡುವುದು ಇಬ್ಬರಿಗೂ ಹಿಂಸೆ. ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗ ಕೊಂಡುಕುರಿಗಳ ವನ್ಯಧಾಮ. ಎಷ್ಟೇ ಸಾಧು ನಾಯಿಯಾದರೂ ಅಲ್ಲಿಗೆ ಒಯ್ಯಬೇಡಿ.

ಹೊರಡುವುದು ಬೆಳಕು ಹರಿದ ಮೇಲೆ, ಇಳಿದು ಮುಗಿಸುವುದು ಒಂಬತ್ತೂವರೆಯೊಳಗೆ. ಇನ್ನೂ ಬೇಗ ಹೋದರೆ ಒಳ್ಳೆಯದಲ್ಲವೇ ಎಂದು ಕೇಳುತ್ತಾರೆ. ಅಲ್ಲ. ನಸುಕಿನಲ್ಲಿ ಚಿರತೆ, ಕರಡಿ ಓಡಾಡುತ್ತವೆ, ಚಿರತೆಗೆ ನಾಯಿ ಇಷ್ಟದ ಬೇಟೆ. ಚೈನ್ ಬಿಚ್ಚಿದ ನಾಯಿ ಕರಡಿಯನ್ನು ಕೆಣಕಿ, ಹೆದರಿ, ನಿಮ್ಮ ಬಳಿಗೇ ಓಡಿಬರುತ್ತದೆ. ಹಿಂದೆ ಕರಡಿಯೂ ಬರುತ್ತದೆ. ಆದ್ದರಿಂದ ಚೈನ್ ಕೈಯಲ್ಲೇ ಇರಲಿ. ಕುತ್ತಿಗೆಯ ಬೆಲ್ಟಿಗಿಂತ ಎದೆಗೆ ಕಟ್ಟುವ ಹಾರ್ನೆಸ್ ಮೇಲು. ಇಬ್ಬನಿ ಬಿದ್ದ ಬಂಡೆಯ ಮೇಲೆ ನಾಯಿ ಜಾರಿದರೆ ಕುತ್ತಿಗೆ ಬಿಗಿಯುವುದಿಲ್ಲ.

ಇನ್ನು ಬಿಸಿಲಿನ ವಿಷಯ. ನಾಯಿಗೆ ನಮ್ಮಂತೆ ಮೈಯೆಲ್ಲ ಬೆವರುವುದಿಲ್ಲ, ಅಂಗಾಲಿನಲ್ಲಿ ಅಷ್ಟಿಷ್ಟು ಮಾತ್ರ. ನಾಲಿಗೆ ಚಾಚಿ ಏದುಸಿರು ಬಿಟ್ಟೇ ಅದು ಮೈ ತಣಿಸಿಕೊಳ್ಳಬೇಕು. ಅಂಥ ಪ್ರಾಣಿಗೆ ಉಣ್ಣೆಯ ಸ್ವೆಟರ್ ತೊಡಿಸಿ ಗುಡ್ಡ ಹತ್ತಿಸಿದರೆ ಏನಾಗಬಹುದು? ಮನೆಯಲ್ಲಿ ಮುದಿ ನಾಯಿಗೆ, ಮರಿಗೆ ರಾತ್ರಿ ಹೊದಿಸಿ, ತಪ್ಪಿಲ್ಲ. ಏರುವಾಗ ಮಾತ್ರ ಯಾವ ನಾಯಿಗೂ ಸ್ವೆಟರ್ ಬೇಡ. ಇಬ್ಬರಿಗೂ ಸೇರಿ ಕನಿಷ್ಠ ಎರಡು ಲೀಟರ್ ನೀರು, ಒಂದು ಬಟ್ಟಲು ಹೊತ್ತುಕೊಳ್ಳಿ. ಹದಿನೈದು ನಿಮಿಷಕ್ಕೊಮ್ಮೆ ನಿಂತು ಕುಡಿಸಿ. ಚಳಿಗಾಲ, ಬಾಯಾರುವುದಿಲ್ಲ ಎಂದು ಬರಿಗೈಯಲ್ಲಿ ಹತ್ತುವವರನ್ನು ಪ್ರತಿ ವರ್ಷ ನೋಡುತ್ತೇನೆ. ಕೆಳಗೆ ಕೆರೆ ಇದೆಯಲ್ಲ ಎಂಬ ಧೈರ್ಯ ಗುಡ್ಡದ ಅರ್ಧದಲ್ಲಿ ಉಪಯೋಗಕ್ಕೆ ಬಾರದು.

ಬಂಡೆಗೆ ಅಂಗೈಯ ಹಿಂಬದಿ ಒತ್ತಿ ಐದು ಸೆಕೆಂಡ್ ಇಡಿ. ನಿಮಗೆ ಸುಟ್ಟರೆ ನಾಯಿಗೂ ಸುಡುತ್ತದೆ, ನೆರಳಿನ ದಾರಿ ಹಿಡಿದು ಇಳಿಯಿರಿ. ಪಗ್, ಶಿಟ್ಜುವಿನಂಥ ಚಪ್ಪಟೆ ಮೂಗಿನವನ್ನು ಗುಡ್ಡಕ್ಕೆ ತರಲೇಬೇಡಿ. ಹಸ್ಕಿಯನ್ನು ಈ ಊರಿನಲ್ಲಿ ಸಾಕುವುದೇ ತಪ್ಪು ಎಂಬುದು ನನ್ನ ಖಚಿತ ಅಭಿಪ್ರಾಯ.

ಏದುಸಿರು ನಿಲ್ಲದೆ, ಜೊಲ್ಲು ಅಂಟಾಗಿ, ಒಸಡು ಕಡುಗೆಂಪಾಗಿ, ನಡಿಗೆ ತೂರಾಡಿದರೆ ಅದು ಬಿಸಿಲಾಘಾತ. ನಾಯಿಯ ಸಹಜ ಮೈಬಿಸಿ 38ರಿಂದ 39 ಡಿಗ್ರಿ; 41 ದಾಟಿದರೆ ಜೀವಕ್ಕೇ ಕುತ್ತು. ಕೂಡಲೇ ನೆರಳಿಗೆ ಒಯ್ದು ಹೊಟ್ಟೆ, ತೊಡೆ ಸಂದಿ, ಪಾದಕ್ಕೆ ನೀರು ಸುರಿದು ಗಾಳಿ ಬೀಸಿ. ಒದ್ದೆ ಟವೆಲ್ ಹೊದಿಸಿ ಬಿಡಬೇಡಿ, ಬಿಸಿ ಒಳಗೇ ಉಳಿಯುತ್ತದೆ. ಬಲವಂತವಾಗಿ ಬಾಯಿಗೆ ನೀರು ಹುಯ್ಯಬೇಡಿ. ಮೊದಲು ತಣಿಸಿ, ಆಮೇಲೆ ವೈದ್ಯರಲ್ಲಿಗೆ ಓಡಿ.

ಇಳಿದ ಮೇಲೆ ಬೆಣ್ಣೆದೋಸೆಯ ಆಸೆಗೆ ನಾಯಿಯನ್ನು ಕಾರಿನಲ್ಲಿ ಕೂಡಿಹಾಕಿ ಹೋಗುವವರಿದ್ದಾರೆ. ಹೊರಗೆ 25 ಡಿಗ್ರಿ ಇದ್ದರೂ ಬಿಸಿಲಿಗೆ ನಿಂತ ಕಾರಿನೊಳಗೆ ಅರ್ಧ ಗಂಟೆಯಲ್ಲಿ 40 ದಾಟುತ್ತದೆ. ಗಾಜು ನಾಲ್ಕು ಬೆರಳು ಇಳಿಸಿದರೆ ಹೆಚ್ಚೇನೂ ವ್ಯತ್ಯಾಸವಾಗದು. ದೋಸೆ ಪಾರ್ಸೆಲ್ ತೆಗೆದುಕೊಳ್ಳಿ. ಬೆಣ್ಣೆಯನ್ನು ನಾಯಿಗೆ ತಿನ್ನಿಸಬೇಡಿ, ಅದರ ಮೇದೋಜೀರಕಕ್ಕೆ ಅಷ್ಟು ಜಿಡ್ಡು ಆಗಿಬರುವುದಿಲ್ಲ.

ಉಳಿದದ್ದು ಚುಟುಕಾಗಿ. ರೇಬೀಸ್ ಲಸಿಕೆ ಹಾಕಿಸದೆ ಹೊರಡಬೇಡಿ. ಹರಿಹರದ ಕಡೆ ಹೋದರೆ ಹೊಳೆಗೆ ಇಳಿಸಬೇಡಿ, ತುಂಗಭದ್ರೆಯಲ್ಲಿ ಮೊಸಳೆಗಳಿವೆ. ಮನೆಗೆ ಬಂದು ಕಿವಿಯೊಳಗೆ, ಬೆರಳ ಸಂದಿಯಲ್ಲಿ ಉಣ್ಣಿ, ಹುಲ್ಲಿನ ಮುಳ್ಳುಬೀಜ ಹುಡುಕಿ ತೆಗೆಯಿರಿ. ಈ ಕಾಲದಲ್ಲಿ ರಸ್ತೆಯುದ್ದಕ್ಕೂ ಮೆಕ್ಕೆಜೋಳದ ಕಣ. ಕಾಳು ಬಿಡಿಸಿದ ದಿಂಡನ್ನು ನಾಯಿ ನುಂಗಿದರೆ ಕರುಳು ಕಟ್ಟಬಹುದು. ವಾಂತಿ ಶುರುವಾದರೆ ಸೋಮವಾರಕ್ಕೆ ಕಾಯಬೇಡಿ. ಭಾನುವಾರ ಯಾವ ಪಶುವೈದ್ಯರು ಸಿಗುತ್ತಾರೆಂದು ಶನಿವಾರವೇ ಫೋನ್ ಮಾಡಿ ಕೇಳಿಟ್ಟುಕೊಳ್ಳಿ.