ಮಾತಿಲ್ಲದ ಹಿಪ್-ಹಾಪ್: ಕೇಳುವುದು ಹೇಗೆ?

ಹಿಪ್-ಹಾಪ್ ಅಂದ ಕೂಡಲೇ ನಮಗೆ ನೆನಪಾಗುವುದು ರ‍್ಯಾಪ್. ಹಾಗಾಗಿ ಹಾಸ್ಟೆಲಿನಲ್ಲಿ ಮಾತೇ ಇಲ್ಲದ ಹಿಪ್-ಹಾಪ್ ಆಲ್ಬಂ ಹಾಕಿದರೆ ಎರಡು ನಿಮಿಷಕ್ಕೆ ಪ್ರಶ್ನೆ ಬರುತ್ತದೆ: "ಹಾಡುವವ ಯಾವಾಗ ಬರ್ತಾನೆ ಮಾರಾಯ?" ಅವನು ಬರುವುದೇ ಇಲ್ಲ. ಆದರೂ ಕೆಲವರು ಇಡೀ ಆಲ್ಬಂ ಕೇಳ್ತಾರೆ, ಮತ್ತೆ ಮೊದಲಿನಿಂದ ಹಾಕ್ತಾರೆ. ಅದರಲ್ಲಿ ಎಂತ ಉಂಟು ಅಂತ ಈ ಸಲ ನೋಡುವ.

ನಮ್ಮೂರಿಗೆ ಇದು ಹೊಸತಲ್ಲ

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯವರಿಗೆ ಯಕ್ಷಗಾನದ ಪೀಠಿಕೆ ಗೊತ್ತು. ವೇಷ ರಂಗಕ್ಕೆ ಬರುವ ಮೊದಲೇ ಚೆಂಡೆ ಮದ್ದಳೆ ಶುರುವಾಗಿರುತ್ತವೆ. ಕಥೆ ಇಲ್ಲ, ಮಾತಿಲ್ಲ. ಆದರೂ ಗದ್ದೆಯಾಚೆಯ ಮನೆಯವನ ಕಿವಿ ನೆಟ್ಟಗಾಗುತ್ತದೆ. ಬಂಟ್ವಾಳ ತಾಲೂಕಿನ ಸಜಿಪಮೂಡದಲ್ಲಿ 1949ರಲ್ಲಿ ಹುಟ್ಟಿದ ಕದ್ರಿ ಗೋಪಾಲನಾಥ್ ಅವರು ಸ್ಯಾಕ್ಸೋಫೋನಿನಲ್ಲಿ ಕರ್ನಾಟಕ ಸಂಗೀತದ ಕೃತಿಗಳನ್ನು ನುಡಿಸಿದರು. ಸಾಹಿತ್ಯ ಗೊತ್ತಿದ್ದವರಿಗೆ ಆ ಪದಗಳು ಮನಸ್ಸಿನಲ್ಲೇ ಕೇಳಿಸುತ್ತಿದ್ದವು, ಗೊತ್ತಿಲ್ಲದವರಿಗೆ ರಾಗವೇ ಸಾಕಾಗುತ್ತಿತ್ತು. ಅಂದರೆ ಮಾತಿಲ್ಲದಾಗ ಕೇಳುಗನಿಗೆ ಕೆಲಸ ಜಾಸ್ತಿ. ಈ ಆಲ್ಬಂಗಳ ಮೊದಲ ಸೆಳೆತ ಅದೇ.

ಹತ್ತು ಸೆಕೆಂಡಿನ ಮೆಮೊರಿ

ಹಳೆ ರೆಕಾರ್ಡಿನಿಂದ ಒಂದು ತುಣುಕು ಎತ್ತುವುದು ಸ್ಯಾಂಪಲ್. ಅದನ್ನು ಕತ್ತರಿಸಿ, ಬೇರೆ ಕ್ರಮದಲ್ಲಿ ಜೋಡಿಸಿ, ಸುತ್ತು ಹಾಕಿಸಿದರೆ ಬೀಟ್. 1987ರ ಎಸ್‌ಪಿ-1200 ಎಂಬ ಯಂತ್ರದಲ್ಲಿ ಒಟ್ಟು ಸುಮಾರು 10 ಸೆಕೆಂಡಿನ ಸದ್ದು ಮಾತ್ರ ಹಿಡಿಯುತ್ತಿತ್ತು. 12 ಬಿಟ್, ಸ್ಯಾಂಪ್ಲಿಂಗ್ ದರ ಸುಮಾರು 26 ಕಿಲೋಹರ್ಟ್ಸ್. ನೈಕ್ವಿಸ್ಟ್ ನಿಯಮ ನೆನಪಿದೆ ಅಲ್ವಾ? 13 ಕಿಲೋಹರ್ಟ್ಸ್‌ಗಿಂತ ಮೇಲಿನದ್ದು ಸರಿಯಾಗಿ ಉಳಿಯುವುದಿಲ್ಲ.

ಜಾಗ ಉಳಿಸಲು ಪ್ರೊಡ್ಯೂಸರ್‌ಗಳು 33 ಆರ್‌ಪಿಎಂ ರೆಕಾರ್ಡನ್ನು 45ರಲ್ಲಿ ಓಡಿಸಿ ತುಂಬಿಸಿಕೊಂಡು, ಯಂತ್ರದೊಳಗೆ ನಿಧಾನ ಮಾಡುತ್ತಿದ್ದರು. ಲೆಕ್ಕ ಹಾಕಿ: 45ನ್ನು 33⅓ರಿಂದ ಭಾಗಿಸಿದರೆ 1.35. ಹತ್ತು ಸೆಕೆಂಡಿನ ಜಾಗದಲ್ಲಿ ಹದಿಮೂರೂವರೆ ಸೆಕೆಂಡ್! ಆದರೆ ಸದ್ದು ಸ್ವಲ್ಪ ಒರಟಾಗುತ್ತಿತ್ತು. ಆ ಒರಟುತನವೇ ಮುಂದೆ ಜನರಿಗೆ ಇಷ್ಟವಾಯ್ತು. ಇವತ್ತು ಫೋನಿನಲ್ಲೇ ಬೇಕಾದಷ್ಟು ಮೆಮೊರಿ ಇದ್ದರೂ ಬೇಕಂತಲೇ ಅದನ್ನು ಸೇರಿಸುವವರಿದ್ದಾರೆ.

42 ಮಿಲಿಸೆಕೆಂಡ್

ನಿಮಿಷಕ್ಕೆ 85 ಬಡಿತದ ಬೀಟ್ ತೆಗೆದುಕೊಳ್ಳಿ. ಒಂದು ಬಡಿತ 706 ಮಿಲಿಸೆಕೆಂಡ್, ಅದರ ಕಾಲು ಭಾಗ 176. ಪ್ರತಿ ಜೋಡಿಯ ಎರಡನೇ ಪೆಟ್ಟು ಸರಿಯಾಗಿ 176ಕ್ಕೆ ಬಿದ್ದರೆ ಸ್ವಿಂಗ್ 50 ಶೇಕಡಾ. ಯಂತ್ರ ಬಡಿದ ಹಾಗೆ ಕೇಳಿಸುತ್ತದೆ. 62 ಶೇಕಡಾಕ್ಕೆ ತಂದರೆ ಆ ಪೆಟ್ಟು 42 ಮಿಲಿಸೆಕೆಂಡ್ ತಡವಾಗುತ್ತದೆ. ಅಷ್ಟಕ್ಕೇ ತಲೆ ತಾನಾಗಿ ಅಲ್ಲಾಡಲು ಶುರು! ಡೆಟ್ರಾಯ್ಟಿನ ಜೆ ಡಿಲ್ಲಾ ಇನ್ನೂ ಮುಂದೆ ಹೋಗಿ, ಯಂತ್ರದ ತಿದ್ದುಪಡಿಯನ್ನೇ ಬಿಟ್ಟು ಬೆರಳಿನಿಂದ ಬಡಿದದ್ದನ್ನು ಹಾಗೇ ಇಟ್ಟುಕೊಂಡ. ಅವನ ಎಂಪಿಸಿ-3000 ಯಂತ್ರ ಈಗ ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್ ಮ್ಯೂಸಿಯಂನಲ್ಲಿದೆ.

ಬೀಟ್ ಅಲ್ಲ, ಆಲ್ಬಂ

ಡಿಲ್ಲಾನ 'ಡೋನಟ್ಸ್' 2006ರ ಫೆಬ್ರವರಿ 7ರಂದು, ಅವನ 32ನೇ ಹುಟ್ಟುಹಬ್ಬದ ದಿನ ಬಂತು. ಮೂರು ದಿನಕ್ಕೆ ಅವನು ತೀರಿಕೊಂಡ. 31 ಚಿಕ್ಕ ತುಣುಕುಗಳು. ಮೊದಲನೆಯದಕ್ಕೇ 'ಔಟ್ರೋ' ಅಂತ ಹೆಸರು. ಕೊನೆಯದು ಮುಗಿದು ಮೊದಲನೆಯದಕ್ಕೆ ಕೂಡಿಕೊಳ್ಳುತ್ತದೆ. ಡಿಜೆ ಶ್ಯಾಡೋನ 1996ರ 'ಎಂಡ್‌ಟ್ರೊಡ್ಯೂಸಿಂಗ್' ಹೆಚ್ಚುಕಡಿಮೆ ಪೂರ್ತಿ ಸ್ಯಾಂಪಲ್‌ಗಳಿಂದಲೇ ಕಟ್ಟಿದ್ದು. ಮ್ಯಾಡ್‌ಲಿಬ್ 2007ರಲ್ಲಿ ನಮ್ಮ ದೇಶದ ಸಿನಿಮಾ ಸಂಗೀತದ ತುಣುಕುಗಳಿಂದಲೇ 'ಬೀಟ್ ಕಂಡಕ್ಟಾ ಇನ್ ಇಂಡಿಯಾ' ಮಾಡಿದ. ಇಲ್ಲೆಲ್ಲ ಕಥೆ ಹೇಳುವುದು ಜೋಡಣೆಯ ಕ್ರಮ. ಅದಕ್ಕೇ ಶಫಲ್ ಹಾಕಿ ಕೇಳಬೇಡಿ.

ಆ ಸದ್ದು ಯಾರದ್ದು?

ಈ ಕಲೆಗೆ ಒಂದು ಕಹಿ ಲೆಕ್ಕವೂ ಉಂಟು. 1969ರಲ್ಲಿ 'ದಿ ವಿನ್‌ಸ್ಟನ್ಸ್' ತಂಡದ ಗ್ರೆಗರಿ ಕೋಲ್‌ಮನ್ ಬಾರಿಸಿದ ಸುಮಾರು ಆರು ಸೆಕೆಂಡಿನ ಡ್ರಮ್ಸ್ ಸಾವಿರಾರು ಹಾಡುಗಳಲ್ಲಿ ಸೇರಿಕೊಂಡಿತು. 2006ರಲ್ಲಿ ಅವರು ತೀರಿಕೊಳ್ಳುವವರೆಗೂ ಅದಕ್ಕೆ ರಾಯಲ್ಟಿ ಸಿಗಲಿಲ್ಲ. ಮಾತಿಲ್ಲದ ಸಂಗೀತದಲ್ಲಿ ಬಾರಿಸಿದವನ ಹೆಸರು ಅಳಿಸಿಹೋಗುವುದು ಅಷ್ಟು ಸುಲಭ.

ನಮ್ಮಲ್ಲೂ ಲ್ಯಾಪ್‌ಟಾಪಿನಲ್ಲಿ ಬೀಟ್ ಮಾಡುವವರಿದ್ದೇವೆ. ಆಟದ ವಿಡಿಯೋದಿಂದ ಚೆಂಡೆಯ ಎರಡು ಸೆಕೆಂಡ್ ಕತ್ತರಿಸುವುದು ಒಂದು ಕ್ಲಿಕ್ಕಿನ ಕೆಲಸ. ಆದರೆ 1957ರ ಕೃತಿಸ್ವಾಮ್ಯ ಕಾಯ್ದೆಯ 38ನೇ ಸೆಕ್ಷನ್ ಪ್ರಕಾರ ಕಲಾವಿದನಿಗೆ ತನ್ನ ಪ್ರದರ್ಶನದ ಮೇಲೆ 50 ವರ್ಷ ಹಕ್ಕು ಇದೆ. ಕಾನೂನು ಬದಿಗಿರಲಿ, ಅವರು ಪಕ್ಕದ ಊರಿನವರೇ. ಚೌಕಿಗೆ ಹೋಗಿ "ನಿಮ್ಮ ಚೆಂಡೆ ರೆಕಾರ್ಡ್ ಮಾಡಿಕೊಳ್ಳಬಹುದಾ?" ಅಂತ ಕೇಳುವ. ಒಪ್ಪಿದರೆ ಟ್ರ್ಯಾಕಿನ ಜೊತೆ ಅವರ ಹೆಸರು ಹಾಕುವ, ದುಡ್ಡು ಬಂದರೆ ಪಾಲು ಕೊಡುವ.

ಈ ವಾರದ ಅಭ್ಯಾಸ

ಯಾವುದಾದರೂ ಒಂದು ತುಣುಕನ್ನು ಹೆಡ್‌ಫೋನಿನಲ್ಲಿ ಮೂರು ಸಲ ಕೇಳಿ. ಮೊದಲ ಸಲ ಡ್ರಮ್ಸ್ ಮಾತ್ರ ಗಮನಿಸಿ, ಎರಡನೇ ಸಲ ಬೇಸ್. ಮೂರನೇ ಸಲ ಲೂಪ್ ಎಲ್ಲಿ ತಿರುಗುತ್ತದೆ, ತಿರುಗುವಾಗ ಏನು ಬದಲಾಯ್ತು ಅಂತ ಬರೆದಿಟ್ಟುಕೊಳ್ಳಿ. ಮುಂದಿನ ಭೇಟಿಗೆ ಆ ಪಟ್ಟಿ ತನ್ನಿ, ಎಲ್ಲರೂ ಸೇರಿ ಕೇಳುವ.