ಮನೆ ಪರಿಶೀಲನಾ ವರದಿಗೆ ಟ್ಯಾಬ್ಲೆಟ್: ಖರೀದಿಗೆ ಒಪ್ಪಿಗೆ ನೀಡುವ ಮುನ್ನ ಸದಸ್ಯರು ತಿಳಿಯಬೇಕಾದ ಅಂಶಗಳು

ಗ್ರಾಮ ಪಂಚಾಯತಿ ಸದಸ್ಯರ ಅಧ್ಯಯನಕ್ಕಾಗಿ

ಮನೆಯೊಂದರ ಸ್ಥಳ ಪರಿಶೀಲನಾ ವರದಿಯು ಕಚೇರಿಗೆ ಒಂದು ಹಾಳೆ ಮಾತ್ರ. ಆ ಮನೆಯಲ್ಲಿ ವಾಸಿಸುವ ಕುಟುಂಬಕ್ಕೆ ಅದು ಮುಂದಿನ ಕಂತಿನ ಹಣ, ನೆರೆ ಪರಿಹಾರ ಅಥವಾ ತಲೆಯ ಮೇಲಿನ ಸೂರು. 2019ರ ಆಗಸ್ಟ್ ತಿಂಗಳಿನಲ್ಲಿ ಮಲಪ್ರಭಾ, ಘಟಪ್ರಭಾ ಮತ್ತು ಕೃಷ್ಣಾ ನದಿಗಳು ಉಕ್ಕಿ ಹರಿದಾಗ ಬಾಗಲಕೋಟೆ ಜಿಲ್ಲೆಯ ನದಿ ತೀರದ ಗ್ರಾಮಗಳು ಜಲಾವೃತವಾದವು. ಪಟ್ಟದಕಲ್ಲಿನ ದೇವಾಲಯ ಸಮುಚ್ಚಯಕ್ಕೂ ನೀರು ನುಗ್ಗಿತು. ಆಗ ಹಾನಿಗೊಂಡ ಮನೆಗಳನ್ನು ಮೂರು ವರ್ಗಗಳಾಗಿ ವಿಂಗಡಿಸಲಾಯಿತು. ಶೇ. 75ಕ್ಕಿಂತ ಹೆಚ್ಚು ಹಾನಿಯಾದವು ‘ಎ’, ಶೇ. 25ರಿಂದ 75ರವರೆಗಿನವು ‘ಬಿ’, ಶೇ. 15ರಿಂದ 25ರವರೆಗಿನವು ‘ಸಿ’. ‘ಎ’ ವರ್ಗಕ್ಕೆ 5 ಲಕ್ಷ ರೂ., ‘ಸಿ’ ವರ್ಗಕ್ಕೆ 50 ಸಾವಿರ ರೂ. ನೆರವು ನಿಗದಿಯಾಯಿತು. ಅಂದರೆ ವರದಿಯಲ್ಲಿ ಬರೆಯುವ ಒಂದು ಅಂಕಿಯ ಮೇಲೆ ಕುಟುಂಬದ ಮುಂದಿನ ಹತ್ತು ವರ್ಷಗಳು ನಿಂತಿರುತ್ತವೆ.

ಈ ಕಾರಣದಿಂದ, ವರದಿಯನ್ನು ಮನೆಯ ಮುಂದೆಯೇ ಬರೆದು ಮುಗಿಸಲು ಟ್ಯಾಬ್ಲೆಟ್ ಖರೀದಿಸಬೇಕೆಂಬ ಪ್ರಸ್ತಾವನೆ ಸಾಮಾನ್ಯ ಸಭೆಗೆ ಬಂದಾಗ ಸದಸ್ಯರು ಅದನ್ನು ಯಂತ್ರದ ಬೆಲೆಯ ವಿಷಯವೆಂದಷ್ಟೇ ನೋಡಬಾರದು. ಕೇಳಬೇಕಾದ ಮುಖ್ಯ ಪ್ರಶ್ನೆ ಒಂದೇ: ಈ ಸಾಧನದಿಂದ ವರದಿಯು ಸ್ಥಳದಲ್ಲಿಯೇ ಪೂರ್ಣಗೊಂಡು, ಮನೆಯವರಿಗೆ ಓದಿ ಹೇಳಲ್ಪಡುತ್ತದೆಯೇ? ಪೆಟ್ಟಿಗೆಯ ಮೇಲೆ ಅಚ್ಚಾದ ಉಳಿದ ಗುಣಗಳೆಲ್ಲ ಈ ಪ್ರಶ್ನೆಗೆ ಅಧೀನ.

1. ನೆನಪಿನ ವರದಿ ಮತ್ತು ಸ್ಥಳದ ವರದಿ

ದಿನಕ್ಕೆ ಇಪ್ಪತ್ತು ಮನೆ ನೋಡಿ, ಚೀಟಿಯಲ್ಲಿ ಗುರುತು ಹಾಕಿಕೊಂಡು, ಸಂಜೆ ಕಚೇರಿಯಲ್ಲಿ ವರದಿ ತುಂಬುವ ಪದ್ಧತಿಯಲ್ಲಿ ಅಳತೆಗಳು ಒಂದರೊಳಗೊಂದು ಬೆರೆಯುತ್ತವೆ. ಅದರ ಪರಿಣಾಮವನ್ನು ಒಂದು ಲೆಕ್ಕದಿಂದ ತಿಳಿಯಬಹುದು. 20 ಅಡಿ ಉದ್ದ, 15 ಅಡಿ ಅಗಲ, 10 ಅಡಿ ಎತ್ತರದ ಗೋಡೆಗಳಿರುವ ಮಣ್ಣಿನ ಮನೆಯೊಂದನ್ನು ಊಹಿಸಿಕೊಳ್ಳಿ. ಗೋಡೆಗಳ ಸುತ್ತಳತೆ 70 ಅಡಿ, ಒಟ್ಟು ವಿಸ್ತೀರ್ಣ 700 ಚದರ ಅಡಿ. ಹಿತ್ತಲ ಕಡೆಯ 20 ಅಡಿಯ ಗೋಡೆ ಪೂರ್ಣ ಬಿದ್ದಿದ್ದರೆ ಹಾನಿ 200 ಚದರ ಅಡಿ, ಅಂದರೆ ಸುಮಾರು ಶೇ. 28.6. ಅದೇ ಗೋಡೆಯನ್ನು ಸಂಜೆ ನೆನಪಿನಿಂದ 12 ಅಡಿ ಎಂದು ಬರೆದರೆ ಹಾನಿ ಶೇ. 17ಕ್ಕೆ ಇಳಿಯುತ್ತದೆ. ವಾಸ್ತವ ಮೌಲ್ಯಮಾಪನದಲ್ಲಿ ಛಾವಣಿ, ತಳಪಾಯಗಳನ್ನೂ ಗಣಿಸಬೇಕಾಗುತ್ತದೆ. ಇಲ್ಲಿ ತಿಳುವಳಿಕೆಗಾಗಿ ಗೋಡೆಯನ್ನು ಮಾತ್ರ ತೆಗೆದುಕೊಂಡಿದೆ. ಆದರೂ ಎಂಟು ಅಡಿಯ ಮರೆವು ಮನೆಯನ್ನು ‘ಬಿ’ಯಿಂದ ‘ಸಿ’ಗೆ ತಳ್ಳಬಲ್ಲದೆಂಬುದು ಸ್ಪಷ್ಟ.

ನೆರೆಯಿಲ್ಲದ ವರ್ಷಗಳಲ್ಲಿಯೂ ಈ ಮಾತು ಅನ್ವಯಿಸುತ್ತದೆ. ವಸತಿ ಯೋಜನೆಗಳಲ್ಲಿ ತಳಪಾಯ, ಲಿಂಟಲ್, ಛಾವಣಿ ಮತ್ತು ಪೂರ್ಣ ಎಂಬ ಹಂತಗಳ ಜಿಪಿಎಸ್ ಛಾಯಾಚಿತ್ರ ಸಲ್ಲಿಕೆಯಾದ ಬಳಿಕವೇ ಅನುದಾನದ ಕಂತು ಬಿಡುಗಡೆಯಾಗುತ್ತದೆ. ಚಿತ್ರ ತಿರಸ್ಕೃತವಾದರೆ ಫಲಾನುಭವಿ ಸಿಮೆಂಟಿಗೆ ಸಾಲ ಮಾಡಬೇಕಾಗುತ್ತದೆ.

2. ಟ್ಯಾಬ್ಲೆಟ್ ನಿಜವಾಗಿ ಬೇಕೇ?

ಕೆಲಸವು ಹಂತವಾರು ಛಾಯಾಚಿತ್ರ ತೆಗೆದು ಕಳುಹಿಸುವಷ್ಟಕ್ಕೇ ಸೀಮಿತವಾಗಿದ್ದರೆ ಉತ್ತಮ ಮೊಬೈಲ್ ಫೋನ್ ಸಾಕು. ಟ್ಯಾಬ್ಲೆಟ್ ವ್ಯರ್ಥ ವೆಚ್ಚ. ಅನೇಕ ಕಲಂಗಳಿರುವ ನಮೂನೆ ತುಂಬುವುದು, ಗೋಡೆಯ ನಕ್ಷೆ ಎಳೆಯುವುದು, ಹಳೆಯ ಮತ್ತು ಹೊಸ ಚಿತ್ರಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡುವುದು, ಮನೆಯ ಹಿರಿಯರಿಗೆ ವರದಿ ತೋರಿಸಿ ಓದಿ ಹೇಳುವುದು ಇವೆಲ್ಲ ಇದ್ದಾಗ ದೊಡ್ಡ ಪರದೆಯ ಪ್ರಯೋಜನ ಕಾಣುತ್ತದೆ. ಸ್ಥಳದಲ್ಲಿ ನಿಂತು ಒಂದೇ ಕೈಯಲ್ಲಿ ಹಿಡಿಯಲು 8 ಇಂಚಿನ ಪರದೆ ಅನುಕೂಲ. 10 ಇಂಚಿನದು ಓದಲು ಸುಲಭವಾದರೂ ಸುಮಾರು ಅರ್ಧ ಕಿಲೋ ತೂಗುತ್ತದೆ. ಇನ್ನೊಂದು ಕೈಯಲ್ಲಿ ಅಳತೆಪಟ್ಟಿ ಹಿಡಿದವರಿಗೆ ಅದು ಹೊರೆ.

ಖರೀದಿಗೆ ಮೊದಲು, ಸಾಧನದಲ್ಲಿ ಬಳಸಬೇಕಾದ ಸರ್ಕಾರಿ ಆ್ಯಪ್‌ಗಳ ಪಟ್ಟಿ ಮಾಡಬೇಕು. ಪ್ರಧಾನ ಮಂತ್ರಿ ಆವಾಸ್ ಯೋಜನೆ (ಗ್ರಾಮೀಣ), ರಾಜೀವ್ ಗಾಂಧಿ ವಸತಿ ನಿಗಮ ಮತ್ತು ಉದ್ಯೋಗ ಖಾತ್ರಿ ಹಾಜರಾತಿಯ ಆ್ಯಪ್‌ಗಳಿಗೆ ಆಂಡ್ರಾಯ್ಡಿನ ಯಾವ ಆವೃತ್ತಿ ಬೇಕು, ಅವು ಟ್ಯಾಬ್ಲೆಟ್‌ನಲ್ಲಿ ತೆರೆಯುತ್ತವೆಯೇ ಎಂಬುದನ್ನು ಮಾದರಿ ಸಾಧನದಲ್ಲಿ ಹಾಕಿಯೇ ನೋಡತಕ್ಕದ್ದು. ಮಾರಾಟಗಾರರ ಬಾಯಿಮಾತು ಸಾಲದು.

3. ಮನೆ ಇರುವ ಜಾಗವೇ ದಾಖಲಾಗಬೇಕು

ಸಿಮ್ ಹಾಕಲಾಗದ, ವೈಫೈ ಮಾತ್ರ ಇರುವ ಅಗ್ಗದ ಟ್ಯಾಬ್ಲೆಟ್‌ಗಳಲ್ಲಿ ಅನೇಕವು ಜಿಪಿಎಸ್ ಗ್ರಾಹಕವನ್ನೇ ಹೊಂದಿರುವುದಿಲ್ಲ. ಅವು ಹತ್ತಿರದ ಜಾಲದ ಆಧಾರದಿಂದ ಸ್ಥಳವನ್ನು ಅಂದಾಜಿಸುತ್ತವೆ. ಹಳ್ಳಿಯಲ್ಲಿ ಆ ಅಂದಾಜು ಪಕ್ಕದ ಓಣಿಗಲ್ಲ, ಪಕ್ಕದ ಊರಿಗೇ ಹೋಗಬಹುದು. ಆದ್ದರಿಂದ ಸಿಮ್ ಸೌಲಭ್ಯ ಮತ್ತು ಜಿಪಿಎಸ್ ಎರಡೂ ಇರುವ ಮಾದರಿಯನ್ನೇ ಆರಿಸಬೇಕು. ನಮ್ಮ ದೇಶದ ನಾವಿಕ್ ಉಪಗ್ರಹಗಳ ಸಂಕೇತವನ್ನೂ ಗ್ರಹಿಸುವ ಮಾದರಿ ಸಿಕ್ಕರೆ ಒಳ್ಳೆಯದು.

ತೆರೆದ ಆಕಾಶದಡಿ ಇಂತಹ ಸಾಧನಗಳ ನಿಖರತೆ ಸಾಮಾನ್ಯವಾಗಿ 3ರಿಂದ 5 ಮೀಟರ್. ಬಾದಾಮಿ ತಾಲ್ಲೂಕಿನ ಹಳೆಯ ಊರುಗಳಲ್ಲಿ ಒಂದೇ ಗೋಡೆಯನ್ನು ಹಂಚಿಕೊಂಡ ಮನೆಗಳು ಸಾಲಾಗಿ ನಿಂತಿವೆ. ಅಲ್ಲಿ ಐದು ಮೀಟರಿನ ವ್ಯತ್ಯಾಸ ಎಂದರೆ ನೆರೆಯವರ ಮನೆ. ಹಾಸುಗಲ್ಲಿನ ಛಾವಣಿಯ ಕೆಳಗಿನ ಪಡಸಾಲೆಯಲ್ಲಿ ನಿಂತರೆ ಸಂಕೇತವೇ ದುರ್ಬಲವಾಗುತ್ತದೆ. ಆದುದರಿಂದ ಮುಂಬಾಗಿಲ ಹೊರಗೆ, ಆಕಾಶ ಕಾಣುವ ಜಾಗದಲ್ಲಿ ಒಂದು ನಿಮಿಷ ನಿಂತು ಸ್ಥಳಾಂಕ ಪಡೆಯಬೇಕು. ಮನೆ ಸಂಖ್ಯೆಯ ಫಲಕವನ್ನೂ ಎಡಬಲದ ಮನೆಗಳನ್ನೂ ಒಳಗೊಂಡ ಒಂದು ದೂರದ ಚಿತ್ರ ತೆಗೆಯಬೇಕು.

ಸದಸ್ಯರು ತಾವೇ ಮಾಡಬಹುದಾದ ಪರೀಕ್ಷೆಯೊಂದಿದೆ. ಬಾದಾಮಿ, ಹುನಗುಂದ, ಇಳಕಲ್ ಭಾಗದಲ್ಲಿ ಅಕ್ಷಾಂಶವು 15 ಅಥವಾ 16ರಿಂದ, ರೇಖಾಂಶವು 75 ಅಥವಾ 76ರಿಂದ ಆರಂಭವಾಗಬೇಕು. ಬೇರೆ ಅಂಕಿ ಕಂಡರೆ ದಾಖಲೆ ತಪ್ಪು. ದಶಾಂಶ ಬಿಂದುವಿನ ನಂತರ ಕನಿಷ್ಠ ಐದು ಅಂಕಿಗಳಿರಬೇಕು. ನಾಲ್ಕೇ ಇದ್ದರೆ ಸುಮಾರು 11 ಮೀಟರಿನವರೆಗಿನ ಅಂತರ ದಾಖಲೆಯಲ್ಲಿ ಕಾಣುವುದೇ ಇಲ್ಲ.

4. ಬಿಸಿಲು, ಧೂಳು, ಮಳೆ

ಪರದೆಯ ಪ್ರಕಾಶವನ್ನು ‘ನಿಟ್’ ಎಂಬ ಮಾನದಲ್ಲಿ ಹೇಳುತ್ತಾರೆ. 400 ನಿಟ್ ಕೋಣೆಯೊಳಗೆ ಸಾಕು. ಮಧ್ಯಾಹ್ನದ ಬಿಸಿಲಿನಲ್ಲಿ ಓದಲು 600 ಅಥವಾ ಹೆಚ್ಚು ಬೇಕಾಗುತ್ತದೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ನಮ್ಮ ಜಿಲ್ಲೆಯಲ್ಲಿ ಜೀಪಿನ ಮುಂಭಾಗದ ಗಾಜಿನಡಿ ಸಾಧನವನ್ನಿಟ್ಟು ಹೋದರೆ ಅದು ಕಾದು ತಾನಾಗಿ ಸ್ಥಗಿತಗೊಳ್ಳುತ್ತದೆ, ಬ್ಯಾಟರಿಯ ಆಯುಷ್ಯವೂ ಕುಗ್ಗುತ್ತದೆ. ನೆರಳಿನಲ್ಲಿಡುವುದೂ ಬಿಸಿಯಾದಾಗ ಚಾರ್ಜ್ ಮಾಡದಿರುವುದೂ ಖರ್ಚಿಲ್ಲದ ರಕ್ಷಣೆ.

ಧೂಳು ಮತ್ತು ನೀರಿನ ತಡೆಯನ್ನು ‘ಐಪಿ’ ಅಂಕಿ ಸೂಚಿಸುತ್ತದೆ. ಮೊದಲನೆಯ ಅಂಕಿ ಧೂಳಿಗೆ, ಎರಡನೆಯದು ನೀರಿಗೆ. ಐಪಿ 54 ಎಂದರೆ ಹಾನಿಕರ ಪ್ರಮಾಣದ ಧೂಳು ಹೋಗದು, ನೀರಿನ ಎರಚಲಿಗೆ ಕೆಡದು. ಐಪಿ 65 ಎಂದರೆ ಧೂಳು ಪೂರ್ಣ ನಿಷಿದ್ಧ, ನೀರಿನ ಚಿಮ್ಮುಧಾರೆಯನ್ನೂ ತಡೆಯಬಲ್ಲದು. ಇಳಕಲ್ ಸುತ್ತಲಿನ ಕೆಂಪು ಗ್ರಾನೈಟ್ ಕ್ವಾರಿಗಳ ದಾರಿಯಲ್ಲಿ ಸಂಚರಿಸುವ ಸಿಬ್ಬಂದಿಗೆ ಮೊದಲನೆಯ ಅಂಕಿ ಮುಖ್ಯ. ಮಲಪ್ರಭೆಯ ದಂಡೆಯಲ್ಲಿ ಮಳೆಗಾಲದ ಕೆಲಸಕ್ಕೆ ಎರಡನೆಯದು. ಮಳೆಹನಿ ಬಿದ್ದ ಪರದೆ ಬೆರಳಿನ ಸ್ಪರ್ಶವನ್ನು ತಪ್ಪಾಗಿ ಗ್ರಹಿಸುವುದರಿಂದ ಒಣ ಬಟ್ಟೆ ಮತ್ತು ಕೊಡೆ ಹಿಡಿಯುವ ಜೊತೆಗಾರರೂ ಅಗತ್ಯ.

5. ಬಿರುಕು ಕಾಣುವ ಚಿತ್ರ

ಕ್ಯಾಮೆರಾದ ಮೆಗಾಪಿಕ್ಸೆಲ್ ಸಂಖ್ಯೆಗಿಂತ ಕತ್ತಲ ಕೋಣೆಯಲ್ಲಿ ಅದು ಏನನ್ನು ತೋರಿಸುತ್ತದೆ ಎಂಬುದು ಹೆಚ್ಚಿನದು. ಮೇಲ್ಮುದ್ದೆ ಮನೆಯ ಒಳಗೆ ಬೆಳಕಿಂಡಿಯಿಂದ ಬೀಳುವ ಬೆಳಕಷ್ಟೇ ಇರುತ್ತದೆ. ಆದ್ದರಿಂದ ಫ್ಲ್ಯಾಶ್ ದೀಪ ಇರಲೇಬೇಕು; ಕಡಿಮೆ ಬೆಲೆಯ ಕೆಲವು ಟ್ಯಾಬ್ಲೆಟ್‌ಗಳಲ್ಲಿ ಅದು ಇರುವುದಿಲ್ಲ. ಹುನಗುಂದದ ಎರೆಭೂಮಿ ಮಳೆಗೆ ಉಬ್ಬಿ ಬೇಸಿಗೆಗೆ ಕುಗ್ಗುವುದರಿಂದ ಅಲ್ಲಿನ ಗೋಡೆಗಳಲ್ಲಿ ಕಿಟಕಿಯ ಮೂಲೆಯಿಂದ ಓರೆಯಾಗಿ ಹೋಗುವ ಬಿರುಕುಗಳು ಸಾಮಾನ್ಯ. ಅವು ಹಳೆಯವೋ ನೆರೆಯಿಂದಾದವೋ ಎಂಬ ವಾದ ನಂತರ ಏಳುತ್ತದೆ. ಬಿರುಕಿನ ಪಕ್ಕದಲ್ಲಿ ಅಳತೆಪಟ್ಟಿ ಹಿಡಿದು, ಒಮ್ಮೆ ಸಮೀಪದಿಂದ, ಒಮ್ಮೆ ಇಡೀ ಗೋಡೆ ಕಾಣುವಂತೆ ಚಿತ್ರ ತೆಗೆದರೆ ವಾದಕ್ಕೆ ಆಧಾರ ಉಳಿಯುತ್ತದೆ. ನೇಕಾರರ ಮನೆಯಾದರೆ ಕುಣಿಮಗ್ಗದ ಚಿತ್ರವನ್ನೂ ಪ್ರತ್ಯೇಕವಾಗಿ ದಾಖಲಿಸಬೇಕು; ಗೋಡೆ ನಿಂತಿದ್ದರೂ ಕುಣಿಯಲ್ಲಿ ನೀರು ನಿಂತರೆ ದುಡಿಮೆ ನಿಂತಂತೆಯೇ.

ಚಿತ್ರಗಳನ್ನು ವಾಟ್ಸ್‌ಆ್ಯಪ್ ಮೂಲಕ ಸಾಮಾನ್ಯ ಚಿತ್ರವಾಗಿ ಕಳುಹಿಸಿದರೆ ಗಾತ್ರ ಕುಗ್ಗುವುದಲ್ಲದೆ, ಒಳಗೆ ಅಡಕವಾದ ದಿನಾಂಕ ಮತ್ತು ಸ್ಥಳಾಂಕಗಳು ಅಳಿದುಹೋಗುತ್ತವೆ. ಮೂಲ ಚಿತ್ರವನ್ನು ಸಾಧನದಲ್ಲಿಯೂ ಕಚೇರಿಯ ಕಂಪ್ಯೂಟರಿನಲ್ಲಿಯೂ ಉಳಿಸತಕ್ಕದ್ದು.

6. ಕನ್ನಡ, ಸಂಗ್ರಹ, ಬ್ಯಾಟರಿ

ಮನೆಯವರಿಗೆ ಓದಿ ಹೇಳುವ ವರದಿ ಕನ್ನಡದಲ್ಲಿಯೇ ಇರಬೇಕು. ಕಚೇರಿಯಲ್ಲಿ ಹಳೆಯ, ಯೂನಿಕೋಡ್ ಅಲ್ಲದ ನುಡಿ ಅಕ್ಷರಶೈಲಿಯಲ್ಲಿ ಮಾಡಿದ ನಮೂನೆಗಳು ಟ್ಯಾಬ್ಲೆಟ್‌ನಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣುತ್ತವೆ. ಆದ್ದರಿಂದ ನಮೂನೆಯನ್ನು ಮೊದಲೇ ಯೂನಿಕೋಡಿಗೆ ಪರಿವರ್ತಿಸಬೇಕು. ಕನ್ನಡ ಕೀಲಿಮಣೆ ಮತ್ತು ಧ್ವನಿ ಬರಹ ಅಂತರ್ಜಾಲವಿಲ್ಲದೆ ಎಷ್ಟು ಕೆಲಸ ಮಾಡುತ್ತವೆ ಎಂಬುದನ್ನೂ ನೋಡಬೇಕು.

ಒಂದು ಚಿತ್ರ ಸುಮಾರು 4 ಎಂಬಿ, ಒಂದು ಮನೆಗೆ 12 ಚಿತ್ರ ಎಂದುಕೊಂಡರೆ 40 ಮನೆಗಳಿಗೆ ಸುಮಾರು 2 ಜಿಬಿ ಬೇಕು. ಹೀಗಾಗಿ 64 ಜಿಬಿ ಸಂಗ್ರಹ ಕನಿಷ್ಠ, 128 ಜಿಬಿ ನೆಮ್ಮದಿ. ರ್‍ಯಾಮ್ 4 ಜಿಬಿಗಿಂತ ಕಡಿಮೆ ಬೇಡ. ಜಾಲವಿಲ್ಲದ ಊರಿನಲ್ಲಿ ವರದಿಯು ಸಾಧನದಲ್ಲಿಯೇ ಉಳಿದು, ಜಾಲ ಸಿಕ್ಕಾಗ ಸಲ್ಲಿಕೆಯಾಗಬೇಕು. ಪರದೆ, ಜಿಪಿಎಸ್, ಕ್ಯಾಮೆರಾ ಮೂರೂ ಒಟ್ಟಿಗೆ ನಡೆಯುವಾಗ ಬ್ಯಾಟರಿ ಬೇಗ ಇಳಿಯುತ್ತದೆ. ಪವರ್ ಬ್ಯಾಂಕ್ ಒಂದನ್ನು ಖರೀದಿಯಲ್ಲಿಯೇ ಸೇರಿಸುವುದು ಲೇಸು.

7. ಖರೀದಿ ಮತ್ತು ಹೊಣೆ

ಖರೀದಿಯು ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ, 1999 ಹಾಗೂ ಅದರ ನಿಯಮಗಳಿಗೆ ಒಳಪಟ್ಟಿರಬೇಕು. ಬೇಡಿಕೆ ಪಟ್ಟಿಯಲ್ಲಿ ಕಂಪನಿಯ ಹೆಸರು ಬರೆಯದೆ, ಮೇಲೆ ಹೇಳಿದ ಗುಣಗಳನ್ನು ಬರೆಯಬೇಕು. ಭಾರತೀಯ ಮಾನಕ ಬ್ಯೂರೋದ ನೋಂದಣಿ ಗುರುತು, ಭದ್ರತಾ ಪರಿಷ್ಕರಣೆ ಎಷ್ಟು ವರ್ಷ ಸಿಗುತ್ತದೆ ಎಂಬುದು, ದುರಸ್ತಿ ಕೇಂದ್ರ ಬಾಗಲಕೋಟೆಯಲ್ಲಿದೆಯೋ ಹುಬ್ಬಳ್ಳಿಗೆ ಕಳುಹಿಸಬೇಕೋ ಎಂಬುದು ಬೆಲೆಯಷ್ಟೇ ಮುಖ್ಯ. ಸಾಧನ ಬಂದ ದಿನವೇ ಆಸ್ತಿ ವಹಿಯಲ್ಲಿ ಕ್ರಮಸಂಖ್ಯೆಯೊಂದಿಗೆ ನಮೂದಿಸಿ, ಯಾರ ವಶದಲ್ಲಿದೆ ಎಂಬುದನ್ನು ಬರೆಯಬೇಕು. ಅದರಲ್ಲಿ ಸಿಬ್ಬಂದಿಯ ಖಾಸಗಿ ಖಾತೆಗಳು ಇರಕೂಡದು.

ಮನೆಯ ಒಳಗಿನ ಚಿತ್ರ, ಆಧಾರ್ ಪ್ರತಿ, ಬ್ಯಾಂಕ್ ಪುಸ್ತಕ ಇವೆಲ್ಲ ಆ ಕುಟುಂಬದ ಸ್ವಂತ ಮಾಹಿತಿ. ಸದಸ್ಯರ ಗುಂಪುಗಳಲ್ಲಿ ಹಂಚುವುದು ಸಲ್ಲದು. ಪರದೆಗೆ ಗುಪ್ತಸಂಖ್ಯೆ ಹಾಕುವುದು, ಸಾಧನ ಕಳೆದುಹೋದರೆ ದೂರದಿಂದಲೇ ಬೀಗ ಹಾಕುವ ವ್ಯವಸ್ಥೆಯನ್ನು ಮೊದಲೇ ಸಿದ್ಧಪಡಿಸುವುದು ಕಡ್ಡಾಯವಾಗಬೇಕು.

8. ಒಪ್ಪಿಗೆಗೆ ಮೊದಲು ಒಂದು ಪರೀಕ್ಷೆ

ಮಾದರಿ ಸಾಧನವನ್ನು ತರಿಸಿ, ಮಧ್ಯಾಹ್ನ ಎರಡು ಗಂಟೆಗೆ, ಜಾಲ ದುರ್ಬಲವಾದ ಓಣಿಯ ಒಂದು ಮನೆಗೆ ಒಬ್ಬ ಸದಸ್ಯರು ಹಾಗೂ ಸಿಬ್ಬಂದಿ ಹೋಗಬೇಕು. ಸ್ಥಳಾಂಕ, ಅಳತೆ, ಒಳಹೊರಗಿನ ಚಿತ್ರ, ಕನ್ನಡದ ಷರಾ ಎಲ್ಲವನ್ನೂ ಅಲ್ಲಿಯೇ ತುಂಬಬೇಕು. ಬಳಿಕ ವರದಿಯನ್ನು ಮನೆಯವರಿಗೆ ಗಟ್ಟಿಯಾಗಿ ಓದಿ ಹೇಳಿ, ಅವರ ಆಕ್ಷೇಪವಿದ್ದರೆ ಅದನ್ನೂ ಬರೆದುಕೊಂಡು, ನಂತರವೇ ಸಹಿ ಅಥವಾ ಹೆಬ್ಬೆಟ್ಟು ಪಡೆಯಬೇಕು. ಇಷ್ಟೂ ಕೆಲಸ ಅರ್ಧ ಗಂಟೆಯೊಳಗೆ ತೊಡಕಿಲ್ಲದೆ ಮುಗಿದರೆ ಸಾಧನ ಯೋಗ್ಯ. ‘ಉಳಿದದ್ದನ್ನು ಕಚೇರಿಯಲ್ಲಿ ತುಂಬೋಣ’ ಎಂಬ ಮಾತು ಬಂದರೆ ಆ ಮಾದರಿ ಬೇಡ.

ಸಭೆಯಲ್ಲಿ ಚರ್ಚೆಗೆ

ಅ) ನಮ್ಮ ಪಂಚಾಯತಿಯಲ್ಲಿ ಕಳೆದ ವರ್ಷ ತಿರಸ್ಕೃತವಾದ ಮನೆ ಛಾಯಾಚಿತ್ರಗಳೆಷ್ಟು, ಕಾರಣವೇನು?
ಆ) ಈಗಿರುವ ಮೊಬೈಲ್ ಫೋನ್‌ಗಳಿಂದಲೇ ಆಗದ ಕೆಲಸ ಯಾವುದು?
ಇ) ನಮ್ಮ ವ್ಯಾಪ್ತಿಯಲ್ಲಿ ಜಾಲ ಸಿಗದ ಓಣಿಗಳು ಯಾವುವು?
ಈ) ವರದಿ ಓದಿ ಹೇಳುವಾಗ ಆಯಾ ವಾರ್ಡಿನ ಸದಸ್ಯರು ಹಾಜರಿರುವ ಪದ್ಧತಿಯನ್ನು ಠರಾವಿನ ಮೂಲಕ ತರಬಹುದೇ?